ಫೋನ್‌ಗಿಂತ ಮೊದಲು ಬರುವ ಕಾಗದ

ಮಂಗಳೂರಿನ ಬಂದರಿನಲ್ಲಿ ವ್ಯಾಪಾರ ಮಾಡಿದವರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಸರಕಿಗಿಂತ ಮೊದಲು ಅದರ ಕಾಗದ ಬರುತ್ತದೆ. ವಿದೇಶದ ಹಡಗು ದಡ ಮುಟ್ಟುವ ಮುನ್ನವೇ ಅದರಲ್ಲಿ ಏನಿದೆ, ಎಷ್ಟಿದೆ, ಯಾರ ಹೆಸರಿಗೆ ಬಂದಿದೆ ಎಂಬ ಪಟ್ಟಿ ಕಸ್ಟಮ್ಸ್ ಅಧಿಕಾರಿಯ ಕೈ ಸೇರಬೇಕು. 1962ರ ಕಸ್ಟಮ್ಸ್ ಕಾಯ್ದೆಯ 30ನೇ ಕಲಂ ಹೇಳುವುದು ಇದನ್ನೇ. ಹಳೆ ಬಂದರಿನ ವಿದೇಶಿ ವ್ಯಾಪಾರ 1970ರ ದಶಕದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಸರಿದರೂ ಈ ಕ್ರಮ ಬದಲಾಗಲಿಲ್ಲ. ಪಟ್ಟಿ ಓದಬಲ್ಲವನಿಗೆ ಮುಂದಿನ ವಾರದ ಪೇಟೆ ಇವತ್ತೇ ಅರ್ಧ ಕಾಣುತ್ತದೆ.

ಮೊಬೈಲ್ ಫೋನ್, ಇಯರ್‌ಬಡ್, ಸ್ಮಾರ್ಟ್‌ವಾಚುಗಳ ಕಥೆಯೂ ಹೀಗೆಯೇ. ಕಂಪನಿ ವೇದಿಕೆ ಕಟ್ಟಿ, ದೀಪ ಬೆಳಗಿಸಿ ಹೊಸ ಫೋನನ್ನು ತೋರಿಸುವ ಎಷ್ಟೋ ವಾರಗಳ ಮೊದಲೇ ಅದರ ಮಾದರಿ ಸಂಖ್ಯೆ, ಬ್ಯಾಟರಿಯ ಸಾಮರ್ಥ್ಯ, ಚಾರ್ಜರಿನ ಶಕ್ತಿ, ಕೆಲವೊಮ್ಮೆ ಬೆನ್ನಿನ ನಕ್ಷೆ ಕೂಡ ಯಾವುದೋ ಒಂದು ದೇಶದ ಸರ್ಕಾರಿ ಕಡತ ಸೇರಿರುತ್ತದೆ. ‘ಬಿಐಎಸ್ ಪಟ್ಟಿಯಲ್ಲಿ ಹೊಸ ಫೋನ್, ಬಿಡುಗಡೆ ಸನ್ನಿಹಿತ’ ಎಂಬಂಥ ತಲೆಬರಹಗಳನ್ನು ನೀವು ಓದಿಯೇ ಇರುತ್ತೀರಿ. ಇದನ್ನು ಸೋರಿಕೆ ಎಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ನಿಜದಲ್ಲಿ ಇದು ಕಾನೂನೇ ಬರೆಸಿದ, ಕಾನೂನೇ ತೆರೆದಿಟ್ಟ ದಾಖಲೆ. ಕುತೂಹಲ ತಣಿಸುವುದಕ್ಕಿಂತ ದೊಡ್ಡ ಕೆಲಸವೊಂದು ಇದರಿಂದ ಆಗಬೇಕು, ಅದು ಸಾಮಾನ್ಯ ಗ್ರಾಹಕನ ಕೈಯಲ್ಲೇ ಇದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಗಾಳಿಯಲ್ಲಿನ ದಾರಿ ಎಲ್ಲರದ್ದು

ಈ ಕಾಗದ ಹುಟ್ಟಿದ್ದೇಕೆ ಎಂಬಲ್ಲಿಂದಲೇ ಶುರು ಮಾಡೋಣ. ನಿಮ್ಮ ಜೇಬಿನ ಫೋನ್ ಮೂಲತಃ ಒಂದು ರೇಡಿಯೊ. ಮೊಬೈಲ್ ಟವರಿನ ಜತೆ ಮಾತಾಡುವುದು, ವೈಫೈ, ಬ್ಲೂಟೂತ್ ಎಲ್ಲವೂ ತರಂಗಗಳ ಕೆಲಸ. ಈ ತರಂಗಗಳ ದಾರಿ ಹಂಚಿಕೊಂಡು ಬಳಸಬೇಕಾದದ್ದು. ಬಂದರಿನ ದಕ್ಕೆಯಿಂದ ಹೊರಡುವ ಮೀನುಗಾರಿಕೆ ಬೋಟಿನವರಿಗೆ ಇದು ಚೆನ್ನಾಗಿ ಗೊತ್ತು. ಅವರ ವಿಎಚ್‌ಎಫ್ ವೈರ್‌ಲೆಸ್ ಸೆಟ್ಟಿನ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಜಗತ್ತಿನ ಎಲ್ಲ ಕಡಲುಗಳಲ್ಲೂ ಅಪಾಯದ ಕರೆಗೆ ಮೀಸಲಾದ ತರಂಗ. ಗಾಳಿ ಎದ್ದ ರಾತ್ರಿ ಆ ಚಾನೆಲಿನಲ್ಲಿ ಯಾವುದೋ ಕಳಪೆ ಸಾಧನದ ಗದ್ದಲ ತುಂಬಿದ್ದರೆ ಕರೆದವನ ದನಿ ದಡಕ್ಕೆ ಕೇಳಿಸುವುದಿಲ್ಲ. ವಿಮಾನ, ಪೊಲೀಸ್, ಆಂಬುಲೆನ್ಸ್ ಎಲ್ಲರಿಗೂ ಇದೇ ಭಯ. ಆದ್ದರಿಂದಲೇ ಪ್ರತಿ ದೇಶವೂ ಹೇಳುತ್ತದೆ: ತರಂಗ ಹೊರಸೂಸುವ ಸಾಧನವನ್ನು ಮಾರುವ ಮೊದಲು ಪರೀಕ್ಷೆ ಮಾಡಿಸಿ ನಮಗೆ ತೋರಿಸು.

ನಮ್ಮಲ್ಲಿ ಈ ನಿಯಂತ್ರಣದ ಬೇರು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಲ್ಲಿದೆ. ಮನೆಯಲ್ಲಿ ರೇಡಿಯೊ ಇದ್ದರೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಿ, ಪುಸ್ತಕಕ್ಕೆ ಸ್ಟಾಂಪ್ ಹಾಕಿಸಿಕೊಂಡು ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. 1980ರ ದಶಕದ ನಡುವಿನಲ್ಲಿ ಅದು ರದ್ದಾಯಿತು. ಅನಂತರ ಹೊಣೆ ನಿಧಾನವಾಗಿ ಕೇಳುಗನ ಹೆಗಲಿನಿಂದ ತಯಾರಕನ ಹೆಗಲಿಗೆ ದಾಟಿತು. 2005ರಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ಕಡಿಮೆ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಬೇಡವೆಂದಾಯಿತು. ಇವತ್ತು ಮನೆಯಲ್ಲಿ ವೈಫೈ ಹಾಕಿಸಿಕೊಳ್ಳಲು ನಾವು ಯಾರ ಅನುಮತಿಯನ್ನೂ ಕೇಳದಿರುವುದು ಇದರಿಂದಲೇ. ನಾವು ಕೇಳಬೇಕಾಗಿಲ್ಲ, ನಿಜ. ಆದರೆ ಆ ಸಾಧನ ತಂದವರು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ‘ಇಟಿಎ’ ಎಂಬ ಒಪ್ಪಿಗೆ ಪಡೆದಿರಬೇಕು. ಮಾದರಿ ಸಂಖ್ಯೆ ಮೊದಲು ಬಯಲಾಗುವ ಕಡತಗಳಲ್ಲಿ ಇದೂ ಒಂದು.

ಸ್ಟೀವ್ ಜಾಬ್ಸ್ ಕೂಡ ಬಾಗಿದ ನಿಯಮ

ಇಂಥ ಕಡತಗಳಲ್ಲಿ ಹೆಚ್ಚು ಹೇಳುವುದು ಅಮೆರಿಕದ್ದು. ಅಲ್ಲಿನ ಸಂವಹನ ಆಯೋಗ ಎಫ್‌ಸಿಸಿ ಸ್ಥಾಪನೆಯಾದದ್ದು 1934ರಲ್ಲಿ. ಅದರ ಒಪ್ಪಿಗೆ ಪಡೆದ ಪ್ರತಿ ರೇಡಿಯೊ ಸಾಧನಕ್ಕೂ ಒಂದು ಗುರುತು ಸಂಖ್ಯೆ ಸಿಗುತ್ತದೆ. ಅದರ ಮೊದಲ ಅಕ್ಷರಗಳು ಕಂಪನಿಯನ್ನು ಹೇಳುತ್ತವೆ. ‘ಬಿಸಿಜಿ’ ಎಂದಿದ್ದರೆ ಆ್ಯಪಲ್, ‘ಎ3ಎಲ್’ ಎಂದಿದ್ದರೆ ಸ್ಯಾಮ್‌ಸಂಗ್. ಆ ಸಂಖ್ಯೆಯನ್ನು ಆಯೋಗದ ತಾಣದಲ್ಲಿ ಹಾಕಿದರೆ ಪ್ರಯೋಗಾಲಯದ ವರದಿಗಳು ತೆರೆದುಕೊಳ್ಳುತ್ತವೆ. ಯಾವ ಯಾವ ತರಂಗಪಟ್ಟಿ, ಎಷ್ಟು ಶಕ್ತಿ, ದೇಹಕ್ಕೆ ತಾಗುವ ವಿಕಿರಣ ಎಷ್ಟು ಎಂಬುದೆಲ್ಲ ಅಲ್ಲಿರುತ್ತದೆ. ಫೋನಿನ ಬೆನ್ನಿನಲ್ಲಿ ಲೇಬಲ್ ಎಲ್ಲಿ ಅಂಟುತ್ತದೆಂದು ತೋರಿಸುವ ರೇಖಾಚಿತ್ರವೂ ಇರುತ್ತದೆ. ಆ ಒಂದು ರೇಖಾಚಿತ್ರದಿಂದ ಕ್ಯಾಮೆರಾ ಎಷ್ಟು, ಎಲ್ಲಿ ಕೂತಿವೆ ಎಂಬುದು ತಿಳಿಯುತ್ತದೆ. ಅಳತೆ ಬರೆದಿದ್ದರೆ ಪರದೆ ಸುಮಾರು ಎಷ್ಟು ಇಂಚಿನದು ಎಂದು ಲೆಕ್ಕ ಹಾಕಬಹುದು.

ಕಂಪನಿಗಳಿಗೂ ಇಲ್ಲಿ ರಕ್ಷಣೆ ಇದೆ. ಒಳಗಿನ ಮತ್ತು ಹೊರಗಿನ ಚಿತ್ರ, ಬಳಕೆದಾರರ ಕೈಪಿಡಿ ಇಂಥವನ್ನು 180 ದಿನಗಳವರೆಗೆ ಮುಚ್ಚಿಡಿ ಎಂದು ಅವು ಕೇಳಿಕೊಳ್ಳಬಹುದು. ಸರ್ಕ್ಯೂಟಿನ ನಕ್ಷೆಯಂಥ ವ್ಯಾಪಾರದ ಗುಟ್ಟುಗಳನ್ನು ಶಾಶ್ವತವಾಗಿಯೇ ಮುಚ್ಚಿಡಲಾಗುತ್ತದೆ. ಆದರೆ ಪರೀಕ್ಷಾ ವರದಿಯ ಮುಖ್ಯ ಭಾಗ ಒಪ್ಪಿಗೆ ಸಿಕ್ಕ ಕೂಡಲೇ ಬಹಿರಂಗ. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಮೊದಲ ಐಫೋನನ್ನು ತೋರಿಸಿದಾಗ ಅದು ಅಂಗಡಿಗೆ ಬರಲು ಇನ್ನೂ ಐದು ತಿಂಗಳಿಗೂ ಹೆಚ್ಚು ಕಾಲವಿತ್ತು. ಗುಟ್ಟು ಕಾಯುವುದರಲ್ಲಿ ಹೆಸರಾದ ಆ ಕಂಪನಿ ಅಷ್ಟು ಮೊದಲೇ ಬಾಯಿ ಬಿಟ್ಟಿದ್ದೇಕೆ? ಒಪ್ಪಿಗೆಗೆ ಅರ್ಜಿ ಹಾಕಿದರೆ ಎಫ್‌ಸಿಸಿಯೇ ಜಗತ್ತಿಗೆ ಹೇಳಿಬಿಡುತ್ತದೆ, ಅದಕ್ಕಿಂತ ನಾವೇ ಹೇಳುವುದು ಮೇಲು ಎಂಬ ಅರ್ಥದ ಮಾತನ್ನು ಜಾಬ್ಸ್ ಅದೇ ವೇದಿಕೆಯಲ್ಲಿ ಆಡಿದ್ದರು. ಮೇ ತಿಂಗಳಲ್ಲಿ ಒಪ್ಪಿಗೆ ಬಂತು, ಜೂನ್ 29ಕ್ಕೆ ಮಾರಾಟ ಶುರುವಾಯಿತು. ಲೋಕದ ಅತಿ ಪ್ರಬಲ ಕಂಪನಿಯೊಂದರ ಕ್ಯಾಲೆಂಡರನ್ನು ಸರ್ಕಾರಿ ಕಡತವೊಂದು ಬರೆಯಿತೆಂದರೆ ಸಾರ್ವಜನಿಕ ದಾಖಲೆಯ ಶಕ್ತಿ ಎಂಥದ್ದೆಂದು ಅರಿಯಬಹುದು.

ಅಮೆರಿಕ ಒಂದೇ ಅಲ್ಲ. ರಷ್ಯಾ, ಬೆಲಾರೂಸ್, ಕಜಾಕ್‌ಸ್ತಾನ್, ಆರ್ಮೇನಿಯಾ, ಕಿರ್ಗಿಸ್ತಾನ್‌ಗಳ ಯುರೇಷಿಯನ್ ಆರ್ಥಿಕ ಒಕ್ಕೂಟದಲ್ಲಿ ಗೂಢಲಿಪಿ ಬಳಸುವ ಸಾಧನಗಳನ್ನು ಮೊದಲೇ ತಿಳಿಸಬೇಕೆಂಬ ನಿಯಮವಿದೆ. ಆ್ಯಪಲ್‌ನ ಹೊಸ ಮಾದರಿ ಸಂಖ್ಯೆಗಳು ಅಲ್ಲಿ ಬಿಡುಗಡೆಗೆ ಮುನ್ನವೇ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಚೀನಾದ ‘3ಸಿ’ ಪಟ್ಟಿಯಲ್ಲಿ ಚಾರ್ಜಿಂಗ್ ಶಕ್ತಿ ತಿಳಿಯುತ್ತದೆ. ಬ್ಲೂಟೂತ್ ಸಂಘಟನೆಯ ಪಟ್ಟಿಯಲ್ಲಿ ಎಷ್ಟೋ ಸಲ ಮಾರಾಟದ ಹೆಸರೇ ಇರುತ್ತದೆ. ಒಂದೊಂದು ಕಡತವೂ ಒಂದೊಂದು ತುಣುಕು ಹೇಳುತ್ತದೆ. ಜೋಡಿಸಿದರೆ ಫೋನಿನ ಆಕಾರ ಮೂಡುತ್ತದೆ.

ಬೆಂಗಳೂರಿಗೆ ಬಂದ ಪಾರ್ಸೆಲ್, ಕಸ್ಟಮ್ಸಿನ ಪಟ್ಟಿ

ಈ ಕಥೆಯಲ್ಲಿ ಭಾರತದ್ದೇ ಆದ, ಬೆಂಗಳೂರಿಗೆ ನೇರ ಸಂಬಂಧಿಸಿದ ಒಂದು ಅಧ್ಯಾಯವಿದೆ. ಫೋನ್ ಕಂಪನಿಗಳ ಸಾಫ್ಟ್‌ವೇರ್ ಕೆಲಸದ ದೊಡ್ಡ ಪಾಲು ನಡೆಯುವ ಊರುಗಳಲ್ಲಿ ಬೆಂಗಳೂರು ಒಂದು. ಸ್ಯಾಮ್‌ಸಂಗ್‌ನ ಸಂಶೋಧನಾ ಸಂಸ್ಥೆಯೂ ಅಲ್ಲಿದೆ. ಇನ್ನೂ ಹೆಸರಿಡದ ಫೋನುಗಳು ಪರೀಕ್ಷೆಗೆಂದು ವಿದೇಶದಿಂದ ವಿಮಾನದಲ್ಲಿ ಬರುತ್ತವೆ. ಬಂದ ಪ್ರತಿ ಪೆಟ್ಟಿಗೆಗೂ ಬಿಲ್ ಆಫ್ ಎಂಟ್ರಿ ಬೇಕು. ಅದರಲ್ಲಿ ಮಾದರಿ ಸಂಖ್ಯೆ, ಎಷ್ಟು ನಗ, ರೂಪಾಯಿಯಲ್ಲಿ ಮೌಲ್ಯ, ಕೆಲವು ಸಲ ಪರದೆಯ ಅಳತೆ, ಜತೆಗೆ ಸಂಶೋಧನೆಗೆ ಮಾತ್ರ ಎಂಬ ಷರಾ. 2004ರ ನಿಯಮವೊಂದರಂತೆ ಕಸ್ಟಮ್ಸ್ ಇಲಾಖೆ ಆಮದು ರಫ್ತಿನ ದಿನವಹಿ ಪಟ್ಟಿಗಳನ್ನು ಪ್ರಕಟಣೆಗೆ ಕೊಡುತ್ತಿತ್ತು. ವ್ಯಾಪಾರಿಗಳಿಗೆ ಮಾರುಕಟ್ಟೆಯ ಅಂದಾಜು ಸಿಗಲಿ ಎಂಬುದು ಅದರ ಉದ್ದೇಶ.

ಝೌಬಾ ಎಂಬ ತಾಣ ಈ ಮಾಹಿತಿಯನ್ನು ಹುಡುಕುವುದಕ್ಕೆ ಸುಲಭವಾಗುವಂತೆ ಜೋಡಿಸಿಟ್ಟಿತು. ಮೆಣಸು, ಗೋಡಂಬಿ, ಯಂತ್ರದ ಬಿಡಿಭಾಗಗಳ ಸಾಲಿನಲ್ಲೇ ಯಾರೂ ಕಂಡಿರದ ಫೋನುಗಳ ಹೆಸರೂ ಅಲ್ಲಿತ್ತು. 2013ರಿಂದ ಮೂರ್ನಾಲ್ಕು ವರ್ಷ ಜಗತ್ತಿನ ತಂತ್ರಜ್ಞಾನ ಪತ್ರಕರ್ತರು ಭಾರತದ ಕಸ್ಟಮ್ಸ್ ಪಟ್ಟಿಯನ್ನು ದಿನವೂ ಇಣುಕಿ ನೋಡುತ್ತಿದ್ದರು. ಸ್ಯಾಮ್‌ಸಂಗ್ ಏನು ಮಾಡುತ್ತಿದೆ ಎಂದು ತಿಳಿಯಲು ಕೊರಿಯಾದ ಕಡೆ ನೋಡುವುದಕ್ಕಿಂತ ಬೆಂಗಳೂರಿನ ಏರ್ ಕಾರ್ಗೋ ಕಡೆ ನೋಡುವುದು ಸಲೀಸಾಗಿತ್ತು. ಆದರೆ ಅವಸರದಲ್ಲಿ ತಪ್ಪುಗಳೂ ನಡೆದವು. ಕಸ್ಟಮ್ಸಿಗಾಗಿ ಘೋಷಿಸಿದ ಮೌಲ್ಯವನ್ನೇ ಮಾರಾಟದ ಬೆಲೆ ಎಂದು ಬರೆದ ಸುದ್ದಿಗಳು ಬಂದವು. ಪರೀಕ್ಷೆಗೆ ತಂದ ಯಂತ್ರದ ಮೌಲ್ಯಕ್ಕೂ ಅಂಗಡಿಯ ಬೆಲೆಗೂ ಸಂಬಂಧ ಇರಲೇಬೇಕೆಂದಿಲ್ಲ.

2016ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನೇ ರದ್ದು ಮಾಡಿ ದಿನವಹಿ ಪಟ್ಟಿಯನ್ನು ನಿಲ್ಲಿಸಿತು. 2022ರಲ್ಲಿ ಕಸ್ಟಮ್ಸ್ ಕಾಯ್ದೆಗೆ 135ಎಎ ಎಂಬ ಕಲಂ ಸೇರಿತು. ಆಮದುದಾರ, ರಫ್ತುದಾರರು ಸಲ್ಲಿಸಿದ ಸರಕಿನ ಮೌಲ್ಯ, ಪ್ರಮಾಣ ಮೊದಲಾದ ವಿವರಗಳನ್ನು ಕಾನೂನಿನ ಆಧಾರವಿಲ್ಲದೆ ಪ್ರಕಟಿಸಿದರೆ ಆರು ತಿಂಗಳವರೆಗೆ ಸೆರೆ, ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವ್ಯಾಪಾರಿಯ ಗುಟ್ಟು ಉಳಿಯಬೇಕೆಂಬ ವಾದದಲ್ಲಿ ಹುರುಳಿದೆ. ಬಂದರಿನ ಸಣ್ಣ ಆಮದುದಾರನೊಬ್ಬ ಯಾರಿಂದ ಯಾವ ದರಕ್ಕೆ ತರಿಸುತ್ತಾನೆ ಎಂಬುದು ಎದುರಂಗಡಿಯವನಿಗೆ ತಿಳಿದರೆ ಅವನ ಹೊಟ್ಟೆಗೇ ಹೊಡೆತ. ಹಾಗಾಗಿ ದರದ ಗುಟ್ಟು ಅವನದಾಗಿರಲಿ. ಸುರಕ್ಷತೆಯ ವಿಷಯದಲ್ಲಿ ಮಾತ್ರ ಗುಟ್ಟು ಸಲ್ಲದು.

ಆರ್ ಸಂಖ್ಯೆ ಹೇಳುವುದೇನು?

ಸುರಕ್ಷತೆಯ ಕಡತ ಇರುವುದು ಭಾರತೀಯ ಮಾನಕ ಬ್ಯೂರೋದಲ್ಲಿ, ಅಂದರೆ ಬಿಐಎಸ್‌ನಲ್ಲಿ. ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಕಡ್ಡಾಯ ನೋಂದಣಿ ಬೇಕೆಂಬ ಆದೇಶ ಹೊರಬಿದ್ದದ್ದು 2012ರ ಅಕ್ಟೋಬರಿನಲ್ಲಿ. ಜಾರಿಗೆ ಬಂದದ್ದು 2013ರಲ್ಲಿ. ಮೊದಲ ಪಟ್ಟಿಯಲ್ಲಿ ಟಿವಿ, ಲ್ಯಾಪ್‌ಟಾಪ್, ಪ್ರಿಂಟರ್ ಸೇರಿ 15 ಬಗೆಯ ಸಾಮಾನುಗಳಿದ್ದವು. 2014ರಲ್ಲಿ ಹೊರಟ ಎರಡನೇ ಪಟ್ಟಿಯಲ್ಲಿ ಮೊಬೈಲ್ ಫೋನ್, ಅಡಾಪ್ಟರ್, ಪವರ್ ಬ್ಯಾಂಕ್, ಬ್ಯಾಟರಿ ಸೇರಿದವು. ಬಿಐಎಸ್ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ಮಾದರಿಯ ಪರೀಕ್ಷೆಯಾಗಬೇಕು. ಬೆಂಗಳೂರಿನ ಪೀಣ್ಯದಲ್ಲಿ ಕೇಂದ್ರ ಸರ್ಕಾರದ್ದೇ ಆದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರವಿದೆ. ವರದಿ ಬಂದ 90 ದಿನಗಳೊಳಗೆ ಅರ್ಜಿ ಹಾಕಬೇಕು. ಒಪ್ಪಿಗೆಯಾದರೆ ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಗಳ ನೋಂದಣಿ ಸಂಖ್ಯೆ ಸಿಗುತ್ತದೆ.

ಪರೀಕ್ಷೆ ಹೇಗಿರುತ್ತದೆಂದು ತಿಳಿದರೆ ಆ ಸಂಖ್ಯೆಯ ಬೆಲೆ ತಿಳಿಯುತ್ತದೆ. ಚಾರ್ಜರುಗಳಿಗೆ ಬಹುಕಾಲ ಆಧಾರವಾಗಿದ್ದ ಐಎಸ್ 13252 ಮಾನಕದ ಕ್ರಮದಲ್ಲಿ ಸಾಧನವನ್ನು ಶೇ 93ರಷ್ಟು ತೇವಾಂಶವಿರುವ ಪೆಟ್ಟಿಗೆಯಲ್ಲಿ 48 ಗಂಟೆ ಇಡುತ್ತಾರೆ. ಆಮೇಲೆ ಗೋಡೆಯ ವಿದ್ಯುತ್ತಿನ ಭಾಗ ಮತ್ತು ನಮ್ಮ ಕೈ ತಾಗುವ ಭಾಗದ ನಡುವೆ ಸುಮಾರು 3,000 ವೋಲ್ಟ್ ಹರಿಸಿ, ನಡುವಿನ ನಿರೋಧಕ ತಡೆದುಕೊಳ್ಳುತ್ತದೆಯೇ ಎಂದು ನೋಡುತ್ತಾರೆ. ಆಟಿ ತಿಂಗಳಲ್ಲಿ ಬಟ್ಟೆ ಒಣಗದ, ಗೋಡೆ ಬೆವರುವ ನಮ್ಮ ಕರಾವಳಿಗೆ ಈ ಪರೀಕ್ಷೆ ಎಷ್ಟು ಅಗತ್ಯ ಎಂದು ಬೇರೆ ಹೇಳಬೇಕಿಲ್ಲ. ಬ್ಯಾಟರಿಗೆ ಐಎಸ್ 16046 ಎಂಬ ಬೇರೆಯೇ ಮಾನಕ: ಅದನ್ನು ಜಜ್ಜುತ್ತಾರೆ, ಬೀಳಿಸುತ್ತಾರೆ, ಶಾರ್ಟ್ ಮಾಡುತ್ತಾರೆ, 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಡುತ್ತಾರೆ. ಹೊತ್ತಿಕೊಳ್ಳಬಾರದು, ಸಿಡಿಯಬಾರದು.

ನೋಂದಣಿಯಾದ ತಯಾರಕರು, ಬ್ರಾಂಡು, ಮಾದರಿಗಳ ಪಟ್ಟಿ ಸಾರ್ವಜನಿಕ. ಸುದ್ದಿಗಾರರು ಹೊಸ ಫೋನನ್ನು ಹೆಕ್ಕುವುದು ಇಲ್ಲಿಂದಲೇ. ಸ್ಯಾಮ್‌ಸಂಗ್‌ನ ಉದಾಹರಣೆ ನೋಡಿ. ಗ್ಯಾಲಕ್ಸಿ ಎ54ರ ಮಾದರಿ ಸಂಖ್ಯೆ ಎಸ್‌ಎಂ-ಎ546, ಎ55ರದ್ದು ಎಸ್‌ಎಂ-ಎ556, ಎ56ರದ್ದು ಎಸ್‌ಎಂ-ಎ566. ಕ್ರಮ ಕಣ್ಣಿಗೆ ಹೊಡೆಯುವಂತಿದೆ. ಮುಂದಿನ ಸಂಖ್ಯೆ ಯಾವ ಫೋನಿನದೆಂದು ಯಾರೂ ಹೇಳಬಲ್ಲರು. ಕೊನೆಗೆ ‘ಇ’ ಅಕ್ಷರವಿದ್ದರೆ ಅದು ಭಾರತದಂಥ ಮಾರುಕಟ್ಟೆಗೆ, ‘ಯು’ ಇದ್ದರೆ ಅಮೆರಿಕಕ್ಕೆ, ‘ಎನ್’ ಇದ್ದರೆ ಕೊರಿಯಾಕ್ಕೆ. ಚಾರ್ಜರಿನ ಸಾಲೂ ಮಾತಾಡುತ್ತದೆ. 9 ವೋಲ್ಟ್, 2.77 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ: 25 ವಾಟ್. ಫೋನ್ ಎಷ್ಟು ವೇಗವಾಗಿ ಚಾರ್ಜ್ ಆಗಬಹುದೆಂಬುದಕ್ಕೆ ಅಷ್ಟು ಸಾಕು.

ನೋಂದಣಿ ಕೊಡುವುದು ಕಾರ್ಖಾನೆಗೆ. ಒಂದೇ ಫೋನು ಎರಡು ಕಡೆ ತಯಾರಾದರೆ ಎರಡು ಬೇರೆ ಆರ್ ಸಂಖ್ಯೆ. ಹಾಗಾಗಿ ಯಾವ ಮಾದರಿ ಯಾವ ಊರಿನಲ್ಲಿ ತಯಾರಾಗಲಿದೆ ಎಂಬುದೂ ಇಲ್ಲಿ ತಿಳಿಯಬಹುದು. 2017ರಲ್ಲಿ ಪೀಣ್ಯದ ವಿಸ್ಟ್ರಾನ್ ಘಟಕದಲ್ಲಿ ಐಫೋನ್ ಎಸ್‌ಇ ಜೋಡಣೆಯಿಂದ ಶುರುವಾದ ಕೆಲಸ ಕೋಲಾರದ ನರಸಾಪುರಕ್ಕೆ ಹಬ್ಬಿ, 2023ರಲ್ಲಿ ಟಾಟಾ ಕೈ ಸೇರಿ, ಈಗ ಫಾಕ್ಸ್‌ಕಾನ್ ಮೂಲಕ ದೇವನಹಳ್ಳಿಗೂ ಬಂದಿದೆ. ಕರ್ನಾಟಕದಲ್ಲಿ ಕೈಗಾರಿಕೆ ಬೆಳೆದಂತೆ ಈ ಪಟ್ಟಿಯಲ್ಲಿ ನಮ್ಮ ಊರುಗಳ ವಿಳಾಸವೂ ಹೆಚ್ಚುತ್ತಿದೆ.

ಕಡತ ಹೇಳದ ಮಾತು

ಇಷ್ಟೆಲ್ಲ ಹೇಳಿದ ಮೇಲೆ ಮಿತಿಗಳನ್ನೂ ಹೇಳಬೇಕು. ಕಡತದಲ್ಲಿ ಬೆಲೆ ಇರುವುದಿಲ್ಲ, ಬಿಡುಗಡೆಯ ದಿನ ಇರುವುದಿಲ್ಲ. ನೋಂದಣಿಯಾದ ಫೋನು ಮುಂದಿನ ವಾರವೇ ಬರಬಹುದು, ಆರು ತಿಂಗಳು ತಡವಾಗಬಹುದು, ಬಾರದೆಯೂ ಇರಬಹುದು. ಕ್ಯಾಮೆರಾ ಹೇಗೆ ಚಿತ್ರ ತೆಗೆಯುತ್ತದೆ, ಎರಡು ವರ್ಷದ ಮೇಲೆ ಹೇಗೆ ನಡೆಯುತ್ತದೆ ಎಂಬುದನ್ನು ಯಾವ ಪ್ರಮಾಣಪತ್ರವೂ ಹೇಳದು. ಆದ್ದರಿಂದ ‘ಪಟ್ಟಿಯಲ್ಲಿ ಕಂಡಿದೆ, ಈಗಿನ ಫೋನ್ ಕೊಳ್ಳಬೇಡಿ, ಕಾಯಿರಿ’ ಎನ್ನುವ ಬರಹಗಳನ್ನು ನಂಬಿ ಕೆಲಸ ನಿಲ್ಲಿಸಿಕೊಳ್ಳಬೇಡಿ.

ಪ್ರಮಾಣಪತ್ರ ಇದ್ದಮಾತ್ರಕ್ಕೆ ಅಪಾಯವೇ ಇಲ್ಲವೆಂದೂ ಅಲ್ಲ. 2016ರ ಆಗಸ್ಟಿನಲ್ಲಿ ಬಂದ ಗ್ಯಾಲಕ್ಸಿ ನೋಟ್ 7 ಬೇಕಾದ ಒಪ್ಪಿಗೆಗಳನ್ನೆಲ್ಲ ಪಡೆದೇ ಮಾರುಕಟ್ಟೆಗೆ ಇಳಿದಿತ್ತು. ಬ್ಯಾಟರಿಗಳು ಹೊತ್ತಿಕೊಂಡವು, ಅಕ್ಟೋಬರಿನಲ್ಲಿ ಕಂಪನಿ ತಯಾರಿಕೆಯನ್ನೇ ನಿಲ್ಲಿಸಿತು. ಬ್ಯಾಟರಿಯ ವಿನ್ಯಾಸ ಮತ್ತು ತಯಾರಿಕೆಯ ದೋಷವೇ ಕಾರಣವೆಂದು 2017ರ ಜನವರಿಯಲ್ಲಿ ಅದೇ ಒಪ್ಪಿಕೊಂಡಿತು. ಪ್ರಯೋಗಾಲಯ ನೋಡುವುದು ಕೆಲವೇ ಮಾದರಿಗಳನ್ನು. ಲಕ್ಷಗಟ್ಟಲೆ ತಯಾರಾಗುವಾಗ ಆಗುವ ತಪ್ಪು ಅಲ್ಲಿ ಸಿಕ್ಕಿಬೀಳುವುದಿಲ್ಲ. ಆದರೂ ಪರೀಕ್ಷೆಯಾದ ಸಾಮಾನಿಗೂ ಪರೀಕ್ಷೆಯೇ ಆಗದ ಸಾಮಾನಿಗೂ ಇರುವ ಅಂತರ ದೊಡ್ಡದು. ಹೊತ್ತಿಕೊಂಡದ್ದನ್ನು ಹಿಂದಕ್ಕೆ ಕರೆಸಲು ಸಾಧ್ಯವಾಗಿದ್ದೂ ತಯಾರಕ ಯಾರೆಂದು ಕಡತದಲ್ಲಿ ಇದ್ದುದರಿಂದಲೇ.

ಅಂಗಡಿಯ ಮುಂದೆ ನಿಂತಾಗ

ಈಗ ನಮ್ಮ ಪೇಟೆಗೆ ಬರೋಣ. ಬಂದರಿನಿಂದ ಸ್ಟೇಟ್‌ಬ್ಯಾಂಕ್, ಹಂಪನಕಟ್ಟೆಯವರೆಗೆ ಫೋನಿನ ಅಂಗಡಿಗಳಿಗೆ ಬರವಿಲ್ಲ. ಅಲ್ಲಿ ಒಂದು ಚಾರ್ಜರ್ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ ಇನ್‌ಪುಟ್ 100–240 ವೋಲ್ಟ್, ಅದರ ಕೆಳಗೆ ಔಟ್‌ಪುಟ್, ಪಕ್ಕದಲ್ಲಿ ಬಿಐಎಸ್ ಗುರುತು, ಐಎಸ್ ಸಂಖ್ಯೆ, ಆರ್ ಸಂಖ್ಯೆ ಇರಬೇಕು. ‘ಸಿಇ’ ಎಂಬ ಗುರುತು ಯುರೋಪಿನದು, ಬಹುಪಾಲು ತಯಾರಕನೇ ಹಾಕಿಕೊಳ್ಳುವಂಥದ್ದು. ಭಾರತದಲ್ಲಿ ಅದು ಸಾಲದು. ಫೋನಿನಲ್ಲಾದರೆ ಈ ವಿವರ ಬೆನ್ನ ಮೇಲೆ, ಪೆಟ್ಟಿಗೆಯ ಮೇಲೆ ಅಥವಾ ಸೆಟ್ಟಿಂಗ್ಸ್ ಒಳಗೆ ಇರುತ್ತದೆ.

ಇಲ್ಲಿ ಹೆಚ್ಚಿನವರು ಮುಗ್ಗರಿಸುತ್ತಾರೆ. ನಕಲಿ ಚಾರ್ಜರಿನ ಮೇಲೂ ಆರ್ ಸಂಖ್ಯೆ ಅಚ್ಚಾಗಿರುತ್ತದೆ, ಏಕೆಂದರೆ ಅಸಲಿಯಿಂದ ಸಂಖ್ಯೆ ನಕಲು ಮಾಡುವುದು ಕಷ್ಟವಲ್ಲ. ಹಾಗಾಗಿ ಸಂಖ್ಯೆ ಇದೆಯೇ ಎಂದಷ್ಟೇ ನೋಡಿದರೆ ಸಾಲದು, ಅದು ಯಾರದ್ದೆಂದು ನೋಡಬೇಕು. ಚಿನ್ನ ಕೊಳ್ಳುವಾಗ ಎಚ್‌ಯುಐಡಿ ಪರಿಶೀಲಿಸಲು ಬಳಸುವ ಬಿಐಎಸ್ ಕೇರ್ ಆ್ಯಪ್ ನಿಮ್ಮಲ್ಲಿ ಈಗಾಗಲೇ ಇರಬಹುದು. ಅದೇ ಆ್ಯಪಿನಲ್ಲಿ ಆರ್ ಸಂಖ್ಯೆ ಪರಿಶೀಲಿಸುವ ಜಾಗವೂ ಇದೆ. ಸಂಖ್ಯೆ ಹಾಕಿದರೆ ತಯಾರಕನ ಹೆಸರು, ವಿಳಾಸ, ಸಾಮಾನಿನ ಬಗೆ, ಬ್ರಾಂಡ್, ಮಾದರಿಗಳು ಬರುತ್ತವೆ. ಕೈಯಲ್ಲಿರುವುದು ಚಾರ್ಜರ್ ಆಗಿದ್ದು ಆ್ಯಪಿನಲ್ಲಿ ಎಲ್‌ಇಡಿ ಬಲ್ಬ್ ಎಂದು ಬಂದರೆ, ಅಥವಾ ಮಾದರಿಯ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ, ಅದನ್ನು ಅಲ್ಲೇ ಇಟ್ಟು ಬನ್ನಿ. ದೂರು ಕೊಡಲೂ ಅದೇ ಆ್ಯಪಿನಲ್ಲಿ ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕೂಡ ಇದೆ.

ಹಳೆ ಫೋನ್ ಕೊಳ್ಳುವವರು ಇನ್ನೊಂದು ಕೆಲಸ ಮಾಡಬೇಕು. *#06# ಒತ್ತಿದರೆ 15 ಅಂಕಿಗಳ ಐಎಂಇಐ ಬರುತ್ತದೆ. ಮೊದಲ ಎಂಟು ಅಂಕಿಗಳು ಮಾದರಿಯ ಗುರುತು. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಸಂದೇಶ ಕಳಿಸಿ. ಫೋನಿನ ಬ್ರಾಂಡ್, ಮಾದರಿ ಯಾವುದು, ಅದು ನಿರ್ಬಂಧಿತವೇ ಎಂಬ ಉತ್ತರ ಬರುತ್ತದೆ. ಕೇಂದ್ರದ ಸಂಚಾರ್ ಸಾಥಿ ತಾಣದಲ್ಲೂ ಇದೇ ಸೌಲಭ್ಯವಿದೆ. *#07# ಒತ್ತಿದರೆ ವಿಕಿರಣದ ಪ್ರಮಾಣ ಕಾಣುತ್ತದೆ. 2012ರ ಸೆಪ್ಟೆಂಬರಿನಿಂದ ನಮ್ಮಲ್ಲಿ ಅದರ ಮಿತಿ ಪ್ರತಿ ಕಿಲೋಗೆ 1.6 ವಾಟ್.

ನಮ್ಮ ಜಿಲ್ಲೆಯ ಮನೆಮನೆಗೂ ಗಲ್ಫ್ ನಂಟಿದೆ. ದುಬೈಯಿಂದ, ದೋಹಾದಿಂದ ಬರುವವರು ಫೋನ್ ತರುವುದು ಹೊಸದಲ್ಲ. ಒಂದೇ ಹೆಸರಿನ ಫೋನು ದೇಶದಿಂದ ದೇಶಕ್ಕೆ ಬೇರೆ ಎಂಬುದು ಅಲ್ಲಿ ಮರೆತುಹೋಗುತ್ತದೆ. 2025ರ ಐಫೋನ್ 17 ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹರೈನ್‌ಗಳಲ್ಲಿ ಮಾರಾಟವಾಗುವುದು ಇ-ಸಿಮ್‌ನಲ್ಲಿ ಮಾತ್ರ. ಸಿಮ್ ಕಾರ್ಡ್ ಹಾಕುವ ಜಾಗವೇ ಅದರಲ್ಲಿಲ್ಲ. ಊರಿನ ಅಮ್ಮನಿಗೆಂದು ತಂದುಕೊಟ್ಟವರು ಅವರ ಹಳೆ ಸಿಮ್ ಹಾಕಲಾಗದೆ ಪರದಾಡಬೇಕಾದೀತು. ಕೊಳ್ಳುವ ಮೊದಲು ಮಾದರಿ ಸಂಖ್ಯೆ ಓದಿ, ಅದು ಯಾವ ದೇಶಕ್ಕೆಂದು ಕಂಪನಿಯ ತಾಣದಲ್ಲಿ ನೋಡಿದರೆ ಈ ಪೇಚಾಟ ತಪ್ಪುತ್ತದೆ.

ಕಡತ ಇನ್ನಷ್ಟು ತೆರೆಯಲಿ

ಕೊನೆಯದಾಗಿ ಸರ್ಕಾರಕ್ಕೆ ಒಂದು ಬೇಡಿಕೆ. ಅಮೆರಿಕದ ಕಡತದಲ್ಲಿ ಪರೀಕ್ಷಾ ವರದಿಯೇ ಸಿಗುತ್ತದೆ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಫೋನುಗಳಿಗೂ ಲೇಬಲ್ ಕಡ್ಡಾಯ ಮಾಡಿದೆ. ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಬಲ್ಲದು, ಬಿದ್ದರೆ ಎಷ್ಟು ತಾಳುತ್ತದೆ, ದುರಸ್ತಿ ಎಷ್ಟು ಸುಲಭ ಎಂಬುದು ಎಲ್ಲರೂ ನೋಡಬಹುದಾದ ಪಟ್ಟಿಯಲ್ಲಿ ಅಲ್ಲಿ ಸಿಗುತ್ತದೆ. ನಮ್ಮ ಬಿಐಎಸ್ ಪಟ್ಟಿ ಹೆಸರು, ವಿಳಾಸ, ಮಾದರಿಗೆ ನಿಲ್ಲುತ್ತದೆ. ಫೋನ್ ಮಾರುಕಟ್ಟೆಗೆ ಬಂದ ಮೇಲೆ ಮುಚ್ಚಿಡಬೇಕಾದ ಗುಟ್ಟೇನೂ ಉಳಿಯುವುದಿಲ್ಲ. ಆಗಲಾದರೂ ಪರೀಕ್ಷೆಯ ಸಾರಾಂಶ ಮತ್ತು ಸಾಧನದ ಚಿತ್ರವನ್ನು ಪಟ್ಟಿಗೆ ಸೇರಿಸಬೇಕು. ಚಿತ್ರ ಇದ್ದರೆ ನಕಲಿ ಯಾವುದು, ಅಸಲಿ ಯಾವುದು ಎಂದು ಅಂಗಡಿಯಲ್ಲೇ ತಿಳಿಯುತ್ತದೆ. ಈ ಮಾಹಿತಿ ಕನ್ನಡದಲ್ಲೂ ಸಿಗಬೇಕು. ದಕ್ಕೆಯಲ್ಲಿ ದುಡಿಯುವವನ ಮನೆಯ ಚಾರ್ಜರೂ ಅದೇ 230 ವೋಲ್ಟಿನ ಗೋಡೆಗೇ ಸಿಕ್ಕಿಸುವಂಥದ್ದು.

ಅದಕ್ಕೆ ಕಾಯದೆ ನಾವು ಮಾಡಬಹುದಾದದ್ದು ಇವತ್ತೇ ಇದೆ. ಮುಂದಿನ ಸಲ ಚಾರ್ಜರ್, ಪವರ್ ಬ್ಯಾಂಕ್ ಕೊಳ್ಳುವಾಗ ಬಿಲ್ ಕೇಳಿ ಪಡೆಯಿರಿ, ಆರ್ ಸಂಖ್ಯೆಯನ್ನು ಆ್ಯಪಿನಲ್ಲಿ ಹಾಕಿ ನೋಡಿ, ಹೊಂದದಿದ್ದರೆ ಕೊಳ್ಳಬೇಡಿ. ಗಿರಾಕಿಗಳು ಕೇಳತೊಡಗಿದರೆ ಅಂಗಡಿಯವರು ಸಗಟು ವ್ಯಾಪಾರಿಯನ್ನು ಕೇಳುತ್ತಾರೆ, ಅವರು ಆಮದುದಾರನನ್ನು ಕೇಳುತ್ತಾರೆ. ಪರೀಕ್ಷೆಯಾಗದ ಸಾಮಾನು ಪೇಟೆಯಿಂದ ಹೋಗುವುದು ಹಾಗೆಯೇ.